ತಮಟೆಗೆ ಯಾರ ಲೈಸೆನ್ಸು?

ರಾಕ್ ಬ್ಯಾಂಡಿನವರನ್ನ ಸರ್ಕಾರ ಜೈಲಿಗೆ ಹಾಕಿದ ಕಥೆ ಬೇಕು ಅಂದ್ರೆ ಎಲ್ಲರೂ ಪ್ರಾಗ್ ಊರಿಗೆ ಹೋಗ್ತಾರೆ. ನಾವೂ ಮೊದಲು ಅಲ್ಲಿಗೆ ಹೋಗಿ ಬರೋಣ. ಆಮೇಲೆ ಬೆಂಗಳೂರು, ಅಲ್ಲಿಂದ ಚಳ್ಳಕೆರೆ ತಾಲ್ಲೂಕಿನ ನಮ್ಮ ಗೌರಸಮುದ್ರ. ದಾರಿ ಸ್ವಲ್ಪ ಉದ್ದ ಅನ್ಸಬಹುದು. ಆದ್ರೆ ಮೂರೂ ಕಡೆ ಎದ್ದ ಪ್ರಶ್ನೆ ಒಂದೇ: ಯಾರು ಬಾರಿಸಬಹುದು, ಯಾರ ಅಪ್ಪಣೆ ಪಡೆದು ಬಾರಿಸಬೇಕು?

1968ರ ಆಗಸ್ಟ್ 20ರ ರಾತ್ರಿ ಸೋವಿಯತ್ ಒಕ್ಕೂಟ ಮತ್ತು ಅದರ ಮಿತ್ರ ದೇಶಗಳ ಟ್ಯಾಂಕುಗಳು ಚೆಕೊಸ್ಲೊವಾಕಿಯಾ ದೇಶಕ್ಕೆ ನುಗ್ಗಿದವು. ಆ ದೇಶದ ಹೆಸರಲ್ಲೇ 1960ರಿಂದ ‘ಸಮಾಜವಾದಿ’ ಅನ್ನೋ ಪದ ಇತ್ತು. ಟ್ಯಾಂಕು ಬಂದ ಒಂದು ತಿಂಗಳಿಗೆ ಪ್ರಾಗ್‌ನ ಕೆಲವು ಹುಡುಗರು ಸೇರಿ ಒಂದು ಬ್ಯಾಂಡ್ ಕಟ್ಟಿದರು. ಹೆಸರು ‘ಪ್ಲಾಸ್ಟಿಕ್ ಪೀಪಲ್ ಆಫ್ ದಿ ಯೂನಿವರ್ಸ್’. ಅಮೆರಿಕದ ಫ್ರಾಂಕ್ ಝಪ್ಪಾ ಅವರ ಹಾಡೊಂದರಿಂದ ತಗೊಂಡ ಹೆಸರು. ಉದ್ದ ಕೂದಲು, ಮುಖಕ್ಕೆ ಬಣ್ಣ, ಕಿವಿ ತೂತಾಗೋ ಸದ್ದು. ಅಷ್ಟೇ.

ಅವರ ಹಾಡುಗಳಲ್ಲಿ ರಾಜಕೀಯ ಹುಡುಕಿದ್ರೆ ನಿರಾಸೆ ಆಗುತ್ತೆ. ಎಗಾನ್ ಬಾಂಡಿ ಅನ್ನೋ ಕವಿಯ ಸಾಲುಗಳಿಗೆ ರಾಗ ಹಾಕಿ ಹಾಡ್ತಿದ್ದರು. ಅದರಲ್ಲೊಂದು ಮಲಬದ್ಧತೆಯ ಬಗ್ಗೆ! ಧಿಕ್ಕಾರ ಇಲ್ಲ, ಘೋಷಣೆ ಇಲ್ಲ. ಆದರೂ ಸರ್ಕಾರಕ್ಕೆ ನಿದ್ದೆ ಬರಲಿಲ್ಲ. ಯಾಕಂದ್ರೆ ಅಲ್ಲಿ ಜನರ ಮುಂದೆ ದುಡ್ಡು ತಗೊಂಡು ನುಡಿಸಬೇಕಾದ್ರೆ ಲೈಸೆನ್ಸ್ ಬೇಕಿತ್ತು. ವೇದಿಕೆ ಸರ್ಕಾರದ್ದು, ಒಳ್ಳೆ ವಾದ್ಯ ಸಿಗೋದೂ ಸರ್ಕಾರದ ಕಡೆಯಿಂದ. 1970ರಲ್ಲಿ ಈ ಬ್ಯಾಂಡಿನ ಲೈಸೆನ್ಸ್ ಕಿತ್ತುಕೊಂಡರು. ವಾದ್ಯಗಳೂ ಹೋದವು. ಹುಡುಗರು ಹಳೇ ಟ್ರಾನ್ಸಿಸ್ಟರ್ ರೇಡಿಯೋ ಬಿಚ್ಚಿ ಆಂಪ್ಲಿಫೈಯರ್ ಮಾಡಿಕೊಂಡರು. ಹಳ್ಳಿಗಳ ಕಡೆ, ಯಾರದ್ದೋ ಮದುವೆ ನೆಪ ಹೇಳಿ, ಕಣಜದಂಥ ಕೋಣೆಗಳಲ್ಲಿ ನುಡಿಸಿದರು. ಬಾಯಿಂದ ಬಾಯಿಗೆ ಸುದ್ದಿ ಹೋಗೋದು, ಜನ ನಡೆದುಕೊಂಡು ಬರೋರು.

1976ರ ಮಾರ್ಚ್‌ನಲ್ಲಿ ಪೊಲೀಸರು ಈ ಗುಂಪನ್ನ ಹಿಡಿದರು. ಸೆಪ್ಟೆಂಬರ್‌ನಲ್ಲಿ ವಿಚಾರಣೆ ನಡೆದು ನಾಲ್ಕು ಜನರಿಗೆ 8ರಿಂದ 18 ತಿಂಗಳ ಶಿಕ್ಷೆ ಆಯಿತು. ಹೆಚ್ಚು ಶಿಕ್ಷೆ ಬಿದ್ದದ್ದು ಅವರ ಕಲಾ ನಿರ್ದೇಶಕ ಇವಾನ್ ಯಿರೋಸ್‌ಗೆ. ನಾಟಕಕಾರ ವಾಕ್ಲಾವ್ ಹಾವೆಲ್ ಕೋರ್ಟಿನಲ್ಲಿ ಕೂತು ಅದನ್ನೆಲ್ಲ ನೋಡಿದರು. ಕೂದಲು ಬಿಟ್ಟ ಹುಡುಗರ ಗಲಾಟೆ ಅಂತ ಅಲ್ಲೀವರೆಗೆ ದೂರ ಇದ್ದ ಓದುಬರಹದ ಜನಕ್ಕೆ ಆಗ ಒಂದು ವಿಷಯ ತಿಳೀತು: ಇವರ ಹಾಡಿಗೆ ಬಂದದ್ದು ನಾಳೆ ನಮ್ಮ ಬರಹಕ್ಕೂ ಬರುತ್ತೆ. 1977ರ ಜನವರಿ ಮೊದಲ ವಾರ ‘ಚಾರ್ಟರ್ 77’ ಅನ್ನೋ ಹೇಳಿಕೆ ಹೊರಬಂತು. ಅದರಲ್ಲಿ ಕ್ರಾಂತಿಯ ಮಾತಿರಲಿಲ್ಲ. ನೀವೇ ಸಹಿ ಹಾಕಿರೋ ಒಪ್ಪಂದಗಳನ್ನ, ನೀವೇ ಬರೆದಿರೋ ಕಾನೂನನ್ನ ಪಾಲಿಸಿ ಅಂತ ಕೇಳಿದರು. 12 ವರ್ಷ ಬಿಟ್ಟು, 1989ರ ಕೊನೆಗೆ, ಅದೇ ಹಾವೆಲ್ ಆ ದೇಶದ ರಾಷ್ಟ್ರಪತಿ ಆದರು.

ಇಲ್ಲಿಗೆ ಪ್ರಾಗ್ ಕಥೆ ಮುಗೀತು. ಈಗ ಅದೇ 1976ರ ಇಂಡಿಯಾಗೆ ಬನ್ನಿ.

ತುರ್ತುಪರಿಸ್ಥಿತಿಯ ಎರಡನೇ ವರ್ಷ. ಸಂವಿಧಾನದ 42ನೇ ತಿದ್ದುಪಡಿ ನವೆಂಬರ್‌ನಲ್ಲಿ ಸಂಸತ್ತಿನಲ್ಲಿ ಪಾಸಾಯಿತು, ಡಿಸೆಂಬರ್ 18ಕ್ಕೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಪ್ರಸ್ತಾವನೆಯಲ್ಲಿ ಹೊಸ ಪದಗಳು ಸೇರಿದವು, ಅದರಲ್ಲೊಂದು ‘ಸಮಾಜವಾದಿ’. ಅಂದ್ರೆ ಪ್ರಾಗ್‌ನಲ್ಲಿ ಆ ಗುಂಪಿನ ಕೆಲವರು ಜೈಲಲ್ಲಿ ಕೂತಿದ್ದಾಗ ನಮ್ಮ ದೇಶವೂ ಕಾಗದದ ಮೇಲೆ ಸಮಾಜವಾದಿ ಆಯಿತು.

ನಮ್ಮಲ್ಲಿ ಹಾಡಿಗೆ ಲೈಸೆನ್ಸ್ ಇರಲಿಲ್ಲ ನಿಜ. ಆದರೆ ರೇಡಿಯೋ ಇದ್ದದ್ದು ಒಂದೇ, ಅದು ಸರ್ಕಾರದ್ದು. ಆಗ ಯೂತ್ ಕಾಂಗ್ರೆಸ್ ಅಂದ್ರೆ ಸಂಜಯ್ ಗಾಂಧಿ. ದೇಶದ ಯುವಜನ ಅಂದ್ರೆ ನಾವೇ ಅಂತ ಹೊರಟ ಗುಂಪಿಗೆ ಹಾಡುಗಾರರೂ ಬೇಕಿತ್ತು. ಸರ್ಕಾರದ 20 ಅಂಶಗಳ ಕಾರ್ಯಕ್ರಮದ ಪ್ರಚಾರಕ್ಕೆ ಹಾಡೋಕೆ ಒಲ್ಲೆ ಅಂದ ಕಿಶೋರ್ ಕುಮಾರ್ ಅವರ ಹಾಡುಗಳು 1976ರ ಮೇ ತಿಂಗಳಿಂದ ಆಕಾಶವಾಣಿ, ದೂರದರ್ಶನ ಎರಡರಲ್ಲೂ ಬಂದ್ ಆದವು. ಸರ್ವರ್ ಒಂದೇ ಇದ್ದಾಗ ಲಾಗಿನ್ ತೆಗೆದುಹಾಕಿದ್ರೆ ಮುಗೀತಲ್ಲ, ಹಂಗೆ.

ಅದೇ ಮೇ ತಿಂಗಳ 2ನೇ ತಾರೀಕು ಸ್ನೇಹಲತಾ ರೆಡ್ಡಿ ಅವರನ್ನ ಬಂಧಿಸಿದರು. ‘ಸಂಸ್ಕಾರ’ ಸಿನಿಮಾದ ಚಂದ್ರಿ ಅಂದ್ರೆ ಎಲ್ಲರಿಗೂ ನೆನಪಾಗುತ್ತೆ. ಅವರು ರಂಗಭೂಮಿಯವರು, ಲೋಹಿಯಾ ವಿಚಾರದವರು, ಜಾರ್ಜ್ ಫರ್ನಾಂಡಿಸ್ ಅವರ ಸ್ನೇಹಿತೆ. ಬರೋಡಾ ಡೈನಮೈಟ್ ಪ್ರಕರಣದ ಹೆಸರು ಹೇಳಿ ಹಿಡಿದರು. ಕೊನೆಗೆ ಸಲ್ಲಿಸಿದ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಆಸ್ತಮಾ ಇದ್ದ ಹೆಂಗಸನ್ನ ಬೆಂಗಳೂರು ಸೆಂಟ್ರಲ್ ಜೈಲಿನಲ್ಲಿ ಎಂಟು ತಿಂಗಳು ಇಟ್ಟರು. 1977ರ ಜನವರಿ 15ಕ್ಕೆ ಪೆರೋಲ್ ಮೇಲೆ ಹೊರಗೆ ಬಂದರು, 20ಕ್ಕೆ ತೀರಿಕೊಂಡರು. ಪ್ರಾಗ್‌ನಲ್ಲಿ ಚಾರ್ಟರ್ ಹೊರಬಂದು ಆಗಿನ್ನೂ ಎರಡು ವಾರ. ಅವರ ಮಗ ಕೊನಾರ್ಕ್ ರೆಡ್ಡಿ ಮುಂದೆ ಗಿಟಾರ್ ವಾದಕರಾಗಿ ಹೆಸರು ಮಾಡಿದರು.

ಇಲ್ಲೊಂದು ವಿಚಿತ್ರ ಇದೆ ನೋಡಿ. ಚೆಕೊಸ್ಲೊವಾಕಿಯಾದಲ್ಲಿ ‘ಸಮಾಜವಾದಿ’ ಅನ್ನೋದು ಸರ್ಕಾರದ ಪದ. ಅಲ್ಲಿ ಸಮಾಜವಾದಿ ಯುವಜನ ಸಂಘ ಅಂದ್ರೆ ಸರ್ಕಾರದ ಸಂಘ. ಕರ್ನಾಟಕದಲ್ಲಿ ಅದು ಉಲ್ಟಾ. ಇಲ್ಲಿ ಸಮಾಜವಾದಿ ಯುವಜನ ಸಭಾ ಅಂದ್ರೆ ಸರ್ಕಾರಕ್ಕೆ ಎದುರು ನಿಂತವರು. ಶಾಂತವೇರಿ ಗೋಪಾಲಗೌಡರ ಹಾದಿ ನೋಡಿ ಬೆಳೆದವರು, ಎಂ.ಡಿ. ನಂಜುಂಡಸ್ವಾಮಿ, ತೇಜಸ್ವಿ, ಲಂಕೇಶ್ ಇವರೆಲ್ಲ ಓಡಾಡಿದ ವಲಯ ಅದು. ಸಮಾಜವಾದಿ ಅಂತ ಹೇಳಿಕೊಂಡವರನ್ನ ಜೈಲಿಗೆ ಹಾಕಿದ ಸರ್ಕಾರವೇ ಅದೇ ವರ್ಷ ಆ ಪದವನ್ನ ಸಂವಿಧಾನದ ಬಾಗಿಲಿಗೆ ಬರೆದುಕೊಂಡಿತು. ಜನರ ಪರವಾಗಿ ನಾನೇ ಇದ್ದೀನಲ್ಲ, ನೀವ್ಯಾಕೆ ಬೇರೆ ಹಾಡಬೇಕು? ಇಂಥ ಸರ್ಕಾರಗಳ ಒಳಮಾತು ಎಲ್ಲಾ ಕಡೆ ಇದೇ.

ಸರಿ, ನಮ್ಮಲ್ಲಿ ಪ್ಲಾಸ್ಟಿಕ್ ಪೀಪಲ್ ಥರದವರು ಯಾರು? ಬೆಂಗಳೂರಿನ ನನ್ನ ಆಫೀಸ್ ಗೆಳೆಯರನ್ನ ಕೇಳಿದ್ರೆ 2007ರಲ್ಲಿ ಐರನ್ ಮೇಡನ್ ಬಂದದ್ದು, 2011ರಲ್ಲಿ ಮೆಟಾಲಿಕಾ ಅರಮನೆ ಮೈದಾನದಲ್ಲಿ ನುಡಿಸಿದ್ದು ಹೇಳ್ತಾರೆ. ಈ ಊರಿಗೆ ರಾಕ್ ಹುಚ್ಚು ಬಹಳ ಹಳೇದು, ಅದೂ ನಿಜ. ಆದರೆ ಆ ಸಂಗೀತಕ್ಕೆ ಇಲ್ಲಿ ಯಾರೂ ಹೆದರಲಿಲ್ಲ. ಕಂಟೋನ್ಮೆಂಟ್ ಕಡೆಯ ಇಂಗ್ಲಿಷ್ ಹಾಡು ಮೆಜೆಸ್ಟಿಕ್ ದಾಟಿ ಶ್ರೀರಾಂಪುರದ ಕೊಳೆಗೇರಿಗೆ ಹೋಗಲಿಲ್ಲ. ಸರ್ಕಾರ ಕಿವಿಗೊಟ್ಟು ಕೇಳಬೇಕಾಗಿ ಬಂದ ಹಾಡು ಹುಟ್ಟಿದ್ದು ಆ ಶ್ರೀರಾಂಪುರದ ಕಡೆಯಿಂದಲೇ.

ಸಿದ್ಧಲಿಂಗಯ್ಯ ಹುಟ್ಟಿದ್ದು 1954ರಲ್ಲಿ, ಮಾಗಡಿ ಹತ್ತಿರದ ಮಂಚನಬೆಲೆಯಲ್ಲಿ. ಬೆಂಗಳೂರಿನ ಕೊಳೆಗೇರಿ, ಹಾಸ್ಟೆಲು, ಮಿಲ್ಲು ಕಾರ್ಮಿಕರ ಸಭೆ ಇವೆಲ್ಲ ಅವರ ಕಾಲೇಜು ದಿನಗಳು. 1973ರ ನವೆಂಬರ್‌ನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪ ಮೈಸೂರಲ್ಲಿ ಮಾತಾಡ್ತಾ ಕನ್ನಡ ಸಾಹಿತ್ಯದಲ್ಲಿ ಇರೋದು ಬಹುಪಾಲು ಬೂಸಾ ಅಂದರು. ಮಲ ಹೊರುವ ಪದ್ಧತಿ ನಿಲ್ಲಿಸೋಕೆ ಹೊರಟ ಮಂತ್ರಿ ಅವರು. ರಾಜ್ಯದಲ್ಲಿ ಗಲಭೆ ಎದ್ದು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆ ಆಗಿ, ಕೊನೆಗೆ ಅವರು ರಾಜೀನಾಮೆ ಕೊಡಬೇಕಾಯಿತು. ಹಾಸ್ಟೆಲಿನಲ್ಲಿ ಏಟು ತಿಂದ ಹುಡುಗರು ಒಬ್ಬರನ್ನೊಬ್ಬರು ಹುಡುಕಿಕೊಂಡರು. ಭದ್ರಾವತಿಯಲ್ಲಿ ಕನ್ನಡ ಮೇಷ್ಟ್ರಾಗಿದ್ದ ಬಿ. ಕೃಷ್ಣಪ್ಪನವರ ಮುಂದಾಳತ್ವದಲ್ಲಿ ದಲಿತ ಸಂಘರ್ಷ ಸಮಿತಿ ಬೆಳೀತು. 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಪುಸ್ತಕ ಬಂತು. ತುರ್ತುಪರಿಸ್ಥಿತಿ ಹೇರಿದ ವರ್ಷ. ಅದೇ ವರ್ಷ ‘ಸಮುದಾಯ’ ರಂಗತಂಡವೂ ಹುಟ್ಟಿತು.

ಈ ಹಾಡುಗಳ ತಂತ್ರಜ್ಞಾನ ಏನು ಅಂತ ನೋಡಿದ್ರೆ ನನ್ನಂಥ ಎಂಜಿನಿಯರಿಗೆ ಖುಷಿ ಆಗುತ್ತೆ. ಪ್ರಾಗ್‌ನವರಿಗೆ ಗಿಟಾರ್ ಬೇಕು, ಆಂಪ್ಲಿಫೈಯರ್ ಬೇಕು, ಕರೆಂಟ್ ಬೇಕು. ಪೊಲೀಸರು ಒಂದು ವೈರ್ ಕಿತ್ತರೆ ಕಾರ್ಯಕ್ರಮ ನಿಲ್ಲುತ್ತೆ. ನಮ್ಮವರಿಗೆ ಬೇಕಿದ್ದದ್ದು ಒಂದು ತಮಟೆ, ಒಂದು ಕಂಜಿರ, ಹತ್ತು ಗಂಟಲು. ಒಬ್ಬ ಒಂದು ಸಾಲು ಹೇಳಬೇಕು, ಉಳಿದವರು ಅದನ್ನೇ ತಿರುಗಿ ಹೇಳಬೇಕು. ಓದು ಬಾರದವನಿಗೂ ಮೂರನೇ ಸಲಕ್ಕೆ ಬಾಯಿಪಾಠ. 1947ರಲ್ಲಿ ಬಂದದ್ದರ ಲೆಕ್ಕ ಕೇಳೋ ಹಾಡು ಯಾವ ರೇಡಿಯೋ ಹತ್ತದೆ ಊರೂರು ಸುತ್ತಿತು. 1979ರಲ್ಲಿ ಸಮುದಾಯದ ಜಾಥಾ ರಾಜ್ಯ ತಿರುಗಿದಾಗ ಹಾಡು, ಬೀದಿ ನಾಟಕ ಎರಡೂ ಬಸ್ ಸ್ಟ್ಯಾಂಡ್‌ಗೆ, ಸಂತೆಗೆ ಬಂದವು. ಬಿಹಾರದ ಬೆಲ್ಚಿಯಲ್ಲಿ 1977ರಲ್ಲಿ ದಲಿತರನ್ನ ಸುಟ್ಟ ಘಟನೆ ಇಲ್ಲಿನ ಸಂತೆಯಲ್ಲಿ ನಾಟಕ ಆಯಿತು. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಗೋಲಿಬಾರ್ ಆದಮೇಲೆ ರೈತ ಹುಡುಗರೂ ಹಾಡೋಕೆ ಶುರು ಮಾಡಿದರು.

ಚಾರ್ಟರಿನವರು ಕೇಳಿದ್ದನ್ನೇ ಇವರೂ ಕೇಳಿದರು ಅನ್ನೋದನ್ನ ಗಮನಿಸಿ. ಅಂಬೇಡ್ಕರ್ ಬರೆದ ಸಂವಿಧಾನ ಜಾರಿಯಲ್ಲಿದೆ, ಭೂಸುಧಾರಣೆ ಕಾನೂನಿಗೆ ದೇವರಾಜ ಅರಸು ಕಾಲದಲ್ಲಿ ದೊಡ್ಡ ತಿದ್ದುಪಡಿ ಆಗಿದೆ, ಜೀತ ನಿಷೇಧ ಆಗಿದೆ. ನೀವೇ ಬರೆದಿದ್ದೀರಲ್ಲ, ತೋರಿಸಿ. ಅಷ್ಟೇ ಕೇಳಿದ್ದು.

ಹಾಗಾದ್ರೆ ತಮಟೆಗೆ ಲೈಸೆನ್ಸೇ ಬೇಕಿರಲಿಲ್ಲವಾ? ಇಲ್ಲಿಗೆ ನಮ್ಮೂರಿನ ವಿಷಯ ಬರುತ್ತೆ.

ಗೌರಸಮುದ್ರ ಅಂದ್ರೆ ನಿಮಗೆ ಗೊತ್ತಿದ್ದರೆ ಮಾರಮ್ಮನಿಂದ ಗೊತ್ತಿರಬೇಕು. ಜಾತ್ರೆಗೆ ಚಿತ್ರದುರ್ಗ, ಬಳ್ಳಾರಿ, ಅನಂತಪುರ ಎಲ್ಲಾ ಕಡೆಯಿಂದ ಜನ. ಅರ್ಧ ಜನ ಕನ್ನಡದಲ್ಲಿ ಹರಕೆ ಹೇಳ್ಕೋತಾರೆ, ಅರ್ಧ ಜನ ತೆಲುಗಲ್ಲಿ. ಉರುಮೆ, ತಮಟೆ ಸದ್ದಿಲ್ಲದೆ ಆ ತಾಯಿಯ ಜಾತ್ರೆ ಇಲ್ಲ. ಎದೆಯೊಳಗೆ ಬಡಿಯೋ ಸದ್ದು ಅದು. ಮೆಟಾಲಿಕಾ ಡ್ರಮ್ಮು ಕೇಳಿ ಕುಣಿಯೋ ನನ್ನ ಗೆಳೆಯರನ್ನ ಒಂದು ಸಲ ಅಲ್ಲಿ ನಿಲ್ಲಿಸಬೇಕು.

ಆದರೆ ಆ ವಾದ್ಯಕ್ಕೆ ನಮ್ಮ ಕಡೆಯ ಹಳ್ಳಿಗಳಲ್ಲಿ ಇದ್ದ ಕಟ್ಟಳೆ ನೋಡಿ. ದೇವರ ಮುಂದೆ ಬಾರಿಸಬೇಕು. ಊರಲ್ಲಿ ದೊಡ್ಡವರ ಹೆಣ ಎದ್ದಾಗ ಬಾರಿಸಬೇಕು. ಪಂಚಾಯಿತಿ ಸುದ್ದಿ ಇದ್ದರೆ ಡಂಗೂರ ಸಾರಬೇಕು. ಬರಲ್ಲ ಅನ್ನೋ ಹಾಗಿಲ್ಲ. ಕೂಲಿ ಕೇಳೋ ಹಾಗಿಲ್ಲ, ಕೊಟ್ಟಷ್ಟು ಕಾಳು. ಅದೇ ಮನುಷ್ಯ ತನ್ನ ಮಗನ ಮದುವೆಗೆ ಅದೇ ತಮಟೆ ಬಡಿಸ್ಕೊಂಡು ಊರ ನಡುವಿನ ಬೀದೀಲಿ ಮೆರವಣಿಗೆ ಹೋಗೋ ಹಾಗೂ ಇಲ್ಲ. ಇನ್ನೊಬ್ಬರಿಗೆ ಬಾರಿಸೋದು ಕರ್ತವ್ಯ, ತನಗೆ ಬಾರಿಸಿಕೊಂಡರೆ ಅಪರಾಧ. ಪ್ರಾಗ್‌ನ ಸರ್ಕಾರ 20ನೇ ಶತಮಾನದಲ್ಲಿ ಕಂಡುಹಿಡಿದ ಲೈಸೆನ್ಸ್ ಪದ್ಧತಿ ನಮ್ಮಲ್ಲಿ ಯಾವ ಕಾಲದಿಂದಲೋ ಇತ್ತು. ಅರ್ಜಿ ಇಲ್ಲ, ಫೀಸಿಲ್ಲ, ಹುಟ್ಟಿದಾಗಲೇ ಕೊಟ್ಟುಬಿಡೋರು. ಷರತ್ತುಗಳೂ ಜೊತೆಗೇ ಬರೋವು. ರದ್ದು ಮಾಡೋಕೆ ಪೊಲೀಸ್ ಬೇಕಿರಲಿಲ್ಲ, ಅಂಗಡೀಲಿ ಸಾಮಾನು ಕೊಡಬೇಡಿ ಅಂದ್ರೆ ಸಾಕಾಗಿತ್ತು.

ಹೀಗಾಗಿ ದಸಂಸದ ಹುಡುಗರ ಮುಂದೆ ಇದ್ದದ್ದು ಪ್ರಾಗ್‌ನವರಿಗಿಂತ ತೊಡಕಿನ ಪ್ರಶ್ನೆ. ಅವರಿಗೆ ವಾದ್ಯ ಕಿತ್ತುಕೊಂಡದ್ದು ಅವಮಾನ. ಇವರಿಗೆ ವಾದ್ಯ ಹೆಗಲಿಗೆ ಹಾಕಿದ್ದೇ ಅವಮಾನ. ಸತ್ತ ದನ ಹೊರಬೇಡಿ, ಬಿಟ್ಟಿ ಚಾಕರಿ ಮಾಡಬೇಡಿ, ಹಲಗೆ ಬಡಿಯೋದನ್ನ ಬಿಡಿ ಅಂತ ಕೇರಿಗಳಲ್ಲಿ ಮಾತು ಎದ್ದಿತು. ಬಿಟ್ಟವರು ಪೆಟ್ಟು ತಿಂದದ್ದೂ ಉಂಟು. ಇನ್ನೊಂದು ಕಡೆ ಅದೇ ತಮಟೆಯನ್ನ ಹಿಡಿದು ತಾಲ್ಲೂಕು ಕಚೇರಿ ಮುಂದೆ ನಿಂತವರು ಇದ್ದರು. ಎರಡರಲ್ಲಿ ಯಾವುದು ಸರಿ? ಕೇರಿಯ ಹಿರಿಯರು ಕೆಲವರು ಇವತ್ತಿಗೂ ತಮಟೆ ನೋಡಿದ್ರೆ ಮುಖ ತಿರುಗಿಸ್ತಾರೆ. ಅವರ ಮೊಮ್ಮಕ್ಕಳು ಕಾಲೇಜ್ ಡೇಗೆ ಅದನ್ನೇ ಬಾರಿಸ್ತಾರೆ. ಇಬ್ಬರೂ ಕೇಳ್ತಿರೋದು ಒಂದೇ ಹಕ್ಕು ಅನ್ಸುತ್ತೆ ನನಗೆ: ಬಾರಿಸಬೇಕೋ ಬೇಡವೋ ಅನ್ನೋದನ್ನ ನಾನು ತೀರ್ಮಾನ ಮಾಡಬೇಕು. ಬೇಡ ಅನ್ನೋಕೆ ಆಗದವನು ಬಾರಿಸಿದರೆ ಅದು ಚಾಕರಿ. ಬೇಡ ಅನ್ನಬಹುದಾದವನು ಬಾರಿಸಿದರೆ ಸಂಗೀತ. ಮಲಬದ್ಧತೆ ಮೇಲೆ ಹಾಡಿದ ಪ್ರಾಗ್‌ನ ಹುಡುಗರೂ ಇಷ್ಟನ್ನೇ ಕೇಳಿದ್ದು.

ನಮ್ಮ ಕಡೆಗೆ ಇನ್ನೊಂದು ಹಾಡೂ ಬರ್ತಿತ್ತು, ಆಂಧ್ರದ ಕಡೆಯಿಂದ. ನಾನು ಹುಡುಗನಾಗಿದ್ದಾಗ ಗಡಿಯಾಚೆ ಹೋಗಿಬಂದವರು ತರ್ತಿದ್ದ ಕ್ಯಾಸೆಟ್‌ಗಳಲ್ಲಿ ಗದ್ದರ್ ದನಿ ಇರ್ತಿತ್ತು. ಮನೆಯಲ್ಲಿ ತೆಲುಗು ಆಡೋರು ಬಹಳ ಜನ ಇರೋದ್ರಿಂದ ಅರ್ಥ ಹೇಳಿಕೊಡಬೇಕಾಗಿರಲಿಲ್ಲ. ಗುಮ್ಮಡಿ ವಿಠ್ಠಲ್ ರಾವ್ ಅವರ ನಿಜ ಹೆಸರು, ಎಂಜಿನಿಯರಿಂಗ್ ಓದೋಕೆ ಹೋಗಿ ಹಾಡಿಗೆ ಬಂದವರು. 70ರ ದಶಕದ ಶುರುವಿನಲ್ಲಿ ಹುಟ್ಟಿದ ಜನನಾಟ್ಯ ಮಂಡಲಿಯ ದೊಡ್ಡ ದನಿ. ಬರಿಮೈ ಮೇಲೆ ಒಂದು ಕಂಬಳಿ, ಕೈಯಲ್ಲಿ ಕೋಲು. ಚಳ್ಳಕೆರೆ ಸಂತೆಯಲ್ಲಿ ಕಂಬಳಿ ಮಾರೋರ ವೇಷವೇ! ಇವನ್ಯಾರೋ ನಮ್ಮವನೇ ಅನ್ಸೋದು ಸಹಜ. 1985ರ ಕಾರಂಚೇಡು ಹತ್ಯಾಕಾಂಡದ ನಂತರ ಅವರು ಭೂಗತರಾಗಿ, 1990ರಲ್ಲಿ ಹೊರಗೆ ಬಂದು ಹಾಡಿದಾಗ ಲಕ್ಷಗಟ್ಟಲೆ ಜನ ಸೇರಿದರು. 1997ರ ಏಪ್ರಿಲ್‌ನಲ್ಲಿ ಅವರ ಮನೆಗೇ ಬಂದು ಗುಂಡು ಹಾರಿಸಿದರು. ಬದುಕಿದರು. ಕಂಬಳಿ ಹೊದ್ದ ಹಾಡುಗಾರನ ಮೇಲೆ ಗುಂಡು ಹಾರಿಸಬೇಕಾದಷ್ಟು ಹೆದರಿಕೆ ಯಾರಿಗೋ ಇತ್ತು ಅನ್ನೋದು ಅದರಿಂದ ತಿಳಿಯುತ್ತೆ.

ಕರ್ನಾಟಕದಲ್ಲಿ ಹಾಡಿಗೆ ಗುಂಡು ಬೀಳಲಿಲ್ಲ. ಇಲ್ಲಿ ನಡೆದದ್ದು ಬೇರೆ. ಶಾಲು ಬಂತು.

1983ರಲ್ಲಿ ಗುಂಡೂರಾವ್ ಸರ್ಕಾರ ಬಿದ್ದು ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಆದರು. ತುರ್ತುಪರಿಸ್ಥಿತಿಯಲ್ಲಿ ಅದೇ ಸೆಂಟ್ರಲ್ ಜೈಲಿನಲ್ಲಿ ಇದ್ದವರು ಈಗ ವಿಧಾನಸೌಧದಲ್ಲಿದ್ದರು. ಬೀದಿಯಲ್ಲಿ ಹಾಡಿದವರಿಗೆ ಕಚೇರಿಯ ಬಾಗಿಲು ತೆರೀತು. ಸಿದ್ಧಲಿಂಗಯ್ಯನವರು ಎರಡು ಅವಧಿಗೆ ವಿಧಾನ ಪರಿಷತ್ ಸದಸ್ಯರಾದರು, ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷರಾದರು, 2015ರಲ್ಲಿ ಶ್ರವಣಬೆಳಗೊಳದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. 90ರ ದಶಕದ ಸಾಕ್ಷರತಾ ಆಂದೋಲನ ಬಂದಾಗ ಜಾಥಾ, ಬೀದಿ ನಾಟಕ, ಕ್ರಾಂತಿಗೀತೆಯ ಧಾಟಿ ಎಲ್ಲವೂ ಸರ್ಕಾರದ ಕಾರ್ಯಕ್ರಮದೊಳಗೆ ಬಂದವು. ನಾವು ಶಾಲೆ ಹುಡುಗರು ಆ ಧಾಟಿಗಳನ್ನ ಪ್ರಭಾತಫೇರಿಯಲ್ಲಿ ಹಾಡಿದ್ದೀವಿ, ಮುಂದೆ ಹೆಡ್‌ಮೇಷ್ಟ್ರು, ಹಿಂದೆ ಬಿಇಒ ಜೀಪು.

ಇದನ್ನ ಬರೀ ಮೋಸ ಅಂತ ಬರೆದುಬಿಡೋದು ಸುಲಭ. ನಾನು ಹಾಗೆ ಹೇಳಲ್ಲ. ಸಿದ್ಧಲಿಂಗಯ್ಯ ಸದನದಲ್ಲಿ ಬಾಯಿಮುಚ್ಚಿಕೊಂಡು ಕೂತವರಲ್ಲ, ಅಲ್ಲಿನ ಅವರ ಮಾತುಗಳು ಪುಸ್ತಕವಾಗಿ ಬಂದಿವೆ. ಸ್ಮಶಾನಕ್ಕೆ ಜಾಗ ಇಲ್ಲದ ಕೇರಿಯವರಿಗೆ, ಹಾಸ್ಟೆಲ್ ಸೀಟು ಸಿಗದ ಹುಡುಗನಿಗೆ ಸದನದೊಳಗೆ ಒಬ್ಬ ತನ್ನವನು ಇರೋದು ಸಣ್ಣ ವಿಷಯ ಅಲ್ಲ. ಸಾಕ್ಷರತೆಯಿಂದ ಸಹಿ ಕಲಿತ ಹೆಂಗಸರು ನಮ್ಮ ಓಣಿಯಲ್ಲೇ ಇದ್ದಾರೆ. ಅವರ ಜೊತೆಗಾರ ದೇವನೂರ ಮಹಾದೇವ 2015ರಲ್ಲಿ ಪದ್ಮಶ್ರೀ, ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಎರಡನ್ನೂ ವಾಪಸ್ ಕೊಟ್ಟರು. ಒಂದೇ ಚಳವಳಿಯ ಇಬ್ಬರು, ಎರಡು ದಾರಿ. ಯಾರು ದೊಡ್ಡವರು ಅಂತ ಪಟ್ಟಿ ಮಾಡೋ ಕೆಲಸ ನಮಗೆ ಬೇಡ.

ಆದರೆ ಹಾಡಿಗೆ ಏನಾಯಿತು ಅಂತ ಕೇಳಬಹುದು. ಜೈಲಿಗೆ ಹಾಕಿದ ಹಾಡು ಹತ್ತು ಬಾಯಿಗೆ ಹರಡುತ್ತೆ, ಪ್ರಾಗ್‌ನಲ್ಲಿ ಹಾಗೇ ಆಯಿತು. ಶಾಲು ಹೊದಿಸಿದ ಹಾಡು ಸ್ವಾಗತ ಗೀತೆ ಆದಮೇಲೆ, ದೀಪ ಬೆಳಗೋ ಮೊದಲು ಬರುತ್ತೆ. ಮಂತ್ರಿಗಳೂ ತಾಳ ಹಾಕ್ತಾರೆ. ಲೆಕ್ಕ ಕೇಳೋ ಹಾಡನ್ನ ಲೆಕ್ಕ ಕೊಡಬೇಕಾದವರೇ ಚಪ್ಪಾಳೆ ಹೊಡೆದು ಕೇಳಿದ್ರೆ, ಹಾಡಿದವನು ಇನ್ನೇನು ಕೇಳಬೇಕು? 2021ರ ಜೂನ್ 11ರಂದು ಸಿದ್ಧಲಿಂಗಯ್ಯ ಕೊರೊನಾದಿಂದ ತೀರಿಕೊಂಡಾಗ ಎಲ್ಲಾ ಪಕ್ಷದವರೂ ಅವರ ಹಾಡನ್ನ ನೆನೆದರು. ಆ ಹಾಡು ಕೇಳಿದ ಲೆಕ್ಕ ಮಾತ್ರ ಹಂಗೇ ಇದೆ.

ಕೊನೆಗೆ ಆ ಸೆಂಟ್ರಲ್ ಜೈಲಿನ ಸಮಾಚಾರ. ಸ್ನೇಹಲತಾ ಇದ್ದ ಜೈಲು ಪರಪ್ಪನ ಅಗ್ರಹಾರಕ್ಕೆ ಹೋದಮೇಲೆ ಗಾಂಧಿನಗರದ ಆ ಜಾಗವನ್ನ 2008ರಲ್ಲಿ ಫ್ರೀಡಂ ಪಾರ್ಕ್ ಮಾಡಿದರು. ಹಳೇ ಕೋಣೆಗಳು ಕೆಲವು ಹಂಗೇ ಇವೆ, ಕಾವಲು ಗೋಪುರ ಇದೆ, ಹುಲ್ಲಿನ ಮೇಲೆ ಪ್ರೇಮಿಗಳು ಕೂತಿರ್ತಾರೆ. ಪ್ರತಿಭಟನೆಗೂ ಒಂದು ಜಾಗ ಬಿಟ್ಟರು. ಆಮೇಲೆ 2021ರಲ್ಲಿ ಪೊಲೀಸ್ ಆದೇಶವೊಂದು ಬಂತು: ಬೆಂಗಳೂರಲ್ಲಿ ಧರಣಿ, ಪ್ರತಿಭಟನೆ ಏನಿದ್ದರೂ ಫ್ರೀಡಂ ಪಾರ್ಕ್‌ನಲ್ಲೇ ಆಗಬೇಕು, ಅದಕ್ಕೂ ಅನುಮತಿ ಪಡೀಬೇಕು. ಆದೇಶದ ಹೆಸರಿನ ಮೊದಲನೇ ಪದವೇ ‘ಲೈಸೆನ್ಸಿಂಗ್’.

ಅಂಗನವಾಡಿ ಹೆಂಗಸರು, ಪೌರಕಾರ್ಮಿಕರು, ನಮ್ಮ ಚಿತ್ರದುರ್ಗದ ಕಡೆಯಿಂದ ರಾತ್ರಿ ಬಸ್ಸು ಹತ್ತಿ ಬಂದ ರೈತರು ಅಲ್ಲಿ ಕೂತು ಹಾಡೋದನ್ನ ನೀವೂ ನೋಡಿರಬಹುದು. ತಮಟೆ ಇರುತ್ತೆ. ಗೋಡೆ ಹೊರಗೆ ಟ್ರಾಫಿಕ್ ಅದರ ಪಾಡಿಗೆ ಅದು ಹೋಗ್ತಾ ಇರುತ್ತೆ. ಸಂಜೆ ಟೈಮ್ ಮುಗಿದಾಗ ಒಬ್ಬ ಪೇದೆ ಬಂದು ಕೈಗಡಿಯಾರ ತೋರಿಸ್ತಾನೆ. ಹುಡುಗರು ಇನ್ನೊಂದು ಹಾಡು ಅಂತಾರೆ, ಅವನು ಆಯ್ತು ಒಂದೇ ಅಂತಾನೆ.